ಮುನವ್ವರ್ ಬೀಯ ವಿಂಚ್ ಮಷಿನ್

ದೇವದುರ್ಗದ ಚಹಾದಂಗಡಿಗಳಲ್ಲಿ ಇವತ್ತಿಗೂ ಒಂದು ಮಾತು ಓಡಾಡುತ್ತದೆ. ಗೋಪಮ್ಮನ ಎಮ್ಮೆಯನ್ನು ಬಾವಿಯಿಂದ ಮೇಲೆತ್ತಿದ್ದು ಲೈನ್‌ಮನ್ ರಾಮಲಿಂಗಪ್ಪ ಅಂತೆ. ಇದು ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತದೆ. ಒಮ್ಮೆ ಹಾಗೆ ಹೇಳಿದವನ ಕೈಯಿಂದ ಬಸಿ ಕಸಿದು ಚಹಾ ಚೆಲ್ಲಿಬಿಟ್ಟಿದ್ದೇನೆ. ರಾಮಲಿಂಗಪ್ಪ ಕೆಟ್ಟವನಲ್ಲ. ಆದರೆ ಅವತ್ತು ಅವನು ಎಮ್ಮೆಯನ್ನು ಎತ್ತಲಿಲ್ಲ, ಮುಳುಗಿಸಲು ನೋಡಿದ. ಎತ್ತಿದವಳು ರಾಯಚೂರಿನ ಗುಜರಿ ಅಂಗಡಿಯ ಮುನವ್ವರ್ ಬೀ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಕನಕರಾಯ, ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲರ ಗುಂಪು ನಡೆಸುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು, ಆದರೆ ಕಣ್ಣು ನೆಟ್ಟಗಿವೆ.

ಮುನವ್ವರ್ ಬೀಯನ್ನು ಪಕ್ಕದಿಂದ ಕರೆದರೆ ಆಕೆ ಮುಖ ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದಳು. ಗೊತ್ತಿಲ್ಲದವರು ಸೊಕ್ಕು ಅಂದುಕೊಳ್ಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ, ಗಂಡ ಅಮೀರ್ ಸಾಬ್ ಊರೂರು ತಿರುಗಿ ಕೊಂಡ ಹಳೆ ಕಬ್ಬಿಣವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಹೊತ್ತು ಆಕೆಯ ಕುತ್ತಿಗೆ ಹಿಡಿದುಕೊಂಡುಬಿಟ್ಟಿತ್ತು. ಅಮೀರ್ ಸಾಬ್ ಒಳ್ಳೆಯ ಮನುಷ್ಯನೇ. ಆದರೆ ಯಾವ ವಸ್ತು ಕಂಡರೂ, ಒಡೆದರೆ ಒಳಗೆ ಎಷ್ಟು ತಾಮ್ರ ಸಿಕ್ಕೀತು ಅಂತಲೇ ನೋಡುವವನು. ಅವನು ಹೊರಗೆ ಕಟ್ಟೆಯ ಮೇಲೆ ಕೂತಿದ್ದರೆ ಓಣಿಯವರು ರೇಡಿಯೋವನ್ನು ಒಳಗೆ ಎತ್ತಿಡುತ್ತಿದ್ದರು.

ಶಕ್ತಿನಗರದಲ್ಲಿ ಕರೆಂಟಿನ ಥರ್ಮಲ್ ಸ್ಥಾವರ ಕಟ್ಟುತ್ತಿದ್ದ ವರ್ಷಗಳವು. ಅಲ್ಲಿ ಕೆಲಸ ಮುಗಿಸಿ ಹೊರಟ ಒಬ್ಬ ಕಂತ್ರಾಟುದಾರ ತನ್ನ ಶೆಡ್ಡಿನ ಹಳೆ ಸಾಮಾನನ್ನೆಲ್ಲ ಅಮೀರ್ ಸಾಬನಿಗೆ ತೂಕಕ್ಕೆ ಹಾಕಿದ. ಅದರೊಳಗೆ ಬಂತು ಈ ವಿಂಚ್. ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೊಂದು ಮೋಟರು, ಪಕ್ಕದಲ್ಲಿ ಉಕ್ಕಿನ ತಂತಿಹಗ್ಗ ಸುತ್ತಿದ ಉರುಳೆ, ಹಗ್ಗದ ತುದಿಗೆ ಕೊಕ್ಕೆ. ಉದ್ದನೆಯ ವೈರಿನ ಕೊನೆಗೆ ಎರಡು ಗುಂಡಿ. ಹಸಿರು ಒತ್ತಿದರೆ ಹಗ್ಗ ಸುತ್ತಿಕೊಂಡು ಭಾರ ಎಳೆಯುತ್ತದೆ, ಕೆಂಪು ಒತ್ತಿದರೆ ಸಡಿಲ ಬಿಡುತ್ತದೆ, ಬೆರಳು ತೆಗೆದರೆ ಇದ್ದಲ್ಲೇ ಕಚ್ಚಿ ಹಿಡಿಯುತ್ತದೆ. ಕೋಲಿಗೆ ಕಟ್ಟಿ ಇಬ್ಬರು ಹೊತ್ತೊಯ್ಯುವಷ್ಟೇ ತೂಕ. ಎಳೆದರೆ ಮಾತ್ರ ನಮ್ಮ ಇಡೀ ಗುಂಪು ನಾಚಬೇಕು.

ಅಮೀರ್ ಸಾಬ್ ಸುತ್ತಿಗೆ ತಂದ. ಮುನವ್ವರ್ ಬೀ ಹೋಗಿ ಮಷಿನಿನ ಮೇಲೆ ಕೂತಳು.

"ಏಳು ಮುನವ್ವರ್, ಒಳಗ ಛಲೋ ತಾಮ್ರ ಅದ."

"ನನ್ನ ಕುತ್ತಿಗ್ಯಾಗ ತಾಮ್ರ ಇಲ್ಲ ನೋಡ್ರಿ, ಅದಕ್ಕ ಒಮ್ಮಿನೂ ಆ ಕಡಿ ನೋಡ್ಲಿಲ್ಲ ನೀವು. ಇದು ಎಳೀತದ. ಶಕ್ತಿನಗರಕ್ಕ ನಿಮಗ ಬುತ್ತಿ ತಂದಾಗ ನೋಡೀನಿ, ಒಂದ ಬೆರಳಿಲೆ ಅಷ್ಟು ದೊಡ್ಡ ತೊಲಿ ಎಳದ್ರು."

"ನಿನ್ನ ಯಾರು ಕರೀತಾರ? ಹೆಂಗಸು ಬಂದು ಮಷಿನ್ ಹಚ್ಚತೀನಿ ಅಂದ್ರ ಮಂದಿ ನಗತದ."

"ಮೊಹರಂ ತನಕ ಬಿಡ್ರಿ. ಅಷ್ಟರಾಗ ಇದು ಒಂದು ದೊಡ್ಡ ಭಾರ ಎತ್ತಿ ತೋರಸ್ಲಿಲ್ಲ ಅಂದ್ರ, ಸುತ್ತಿಗಿ ನಾನ ನಿಮ್ಮ ಕೈಯಾಗ ಕೊಡತೀನಿ. ಕಬ್ಬಿಣದ ಬುಟ್ಟಿನೂ ಮತ್ತ ತಲಿ ಮ್ಯಾಲ ಇಟಗೊಂತೀನಿ."

ಮಾತು ಅಲ್ಲಿಗೆ ಮುಗಿಯಿತು. ಎತ್ತಿದರೆ ಮಷಿನು, ಎತ್ತದಿದ್ದರೆ ತಾಮ್ರ.

ಮರುದಿನವೇ ಬೀ ಗಂಜ್‌ಗೆ ಬಂದು, ಮಷಿನು ಹೊತ್ತು ಕೆಲಸಕ್ಕೆ ಬನ್ನಿ ಅಂತ ನನ್ನ ಮುಂದೆ ನಿಂತಳು. ನನಗೆ ಪಿತ್ತ ನೆತ್ತಿಗೇರಿತು.

"ಅಲ್ಲ ಬೀಬಿ, ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ ಮಷಿನ್ ತಂದು, ಅದನ್ನ ಹೊರಾಕ ನಮ್ಮನ್ನ ಕರೀತಿಯಲ್ಲ!"

"ಸಿಟ್ಟಾಗಬ್ಯಾಡ ಅಣ್ಣಾ. ಮಷಿನಿಗೆ ಕೊಕ್ಕಿ ಹಾಕಾಕ ಬರ್ತದೇನು? ತನ್ನ ತಾನ ಗಿಡಕ್ಕ ಕಟಗೊಂತದೇನು? ಭಾರದ ಕೆಳಗ ದುಂಡನ ಕಟಗಿ ಇಡೋರು ಯಾರು? ಎಲ್ಲಾ ನಿಮ್ಮದ ಕೆಲಸ. ಎಳಿಯೋದೊಂದು ಅದು ಎಳೀಲಿ. ನಿನ್ನ ನಡಾನೂ ಹಿಡದದ, ಏಳುವಾಗ ಗ್ವಾಡಿ ಹಿಡೀತಿ, ನಾ ನೋಡೀನಿ."

ಸೊಂಟ ಹಿಡಿದದ್ದು ನಿಜ. ಅದನ್ನು ಗುಂಪಿನವರೆಲ್ಲರ ಮುಂದೆ ಹೇಳಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಪ್ಪಿಕೊಂಡೆ.

ಮೊದಲ ಕೆಲಸ ರಾಯಚೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ. ಗೋಡೆ ಪಕ್ಕ ಬಿದ್ದಿದ್ದ ಕಬ್ಬಿಣದ ದೊಡ್ಡ ಗಾಲಿಯನ್ನು ಅಂಗಳಕ್ಕೆ ಎಳೆಯಬೇಕಿತ್ತು. ವಿಂಚನ್ನು ಬೇವಿನ ಗಿಡಕ್ಕೆ ಬಿಗಿದೆವು, ಗಾಲಿಗೆ ಕೊಕ್ಕೆ ಹಾಕಿದೆವು. ಬೀ ಹಸಿರು ಗುಂಡಿ ಒತ್ತಿದಳು. ಮಷಿನು ಗುಂಯ್ ಅಂದಿತು. ಗಾಲಿ ತಾನಾಗಿ ಹೊರಟಿತು. ಈಗ ನಮ್ಮ ಪದ್ಧತಿ ಹೇಳಬೇಕು. ಭಾರ ಅಲುಗಿತು ಅಂದರೆ ಗುಂಪಿನ ಮುಂದಾಳು ಹಾಡಿನಂತೆ ಒಂದು ಪದ ಎತ್ತಬೇಕು, "ಐಸಾ" ಅಂದಾಗ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಬೇಕು. ಅಜ್ಜನ ಕಾಲದಿಂದ ಹೀಗೇ. ಗಾಲಿ ಹೊರಟಿದ್ದೇ ನನ್ನ ಬಾಯಿ ಸುಮ್ಮನಿರಲಿಲ್ಲ.

"ಗಾಲಿ ಬಂತೋ ಗೌಡನಂಗ..."

"ಐಸಾ!" ಅಂದರು ನಮ್ಮವರು. ಅಂದವರೇ ಎಲ್ಲರೂ ಓಡಿ ಆ ತಂತಿಹಗ್ಗವನ್ನೇ ಹಿಡಿದು ಜಗ್ಗಿದರು! ಮಷಿನು ಸುತ್ತುವುದಕ್ಕಿಂತ ಜೋರಾಗಿ ಇವರು ಎಳೆದದ್ದರಿಂದ ಹಗ್ಗ ಸಡಿಲಾಗಿ, ಉರುಳೆಯ ಮೇಲೆ ಅಡ್ಡಾದಿಡ್ಡಿ ಬಿದ್ದು, ಜಡೆಗಂಟಾಗಿ ಕೂತಿತು. ಬಿಡಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ತಂತಿ ತಾಗಿ ನಮ್ಮ ಗದ್ದೆಪ್ಪನ ಅಂಗೈ ಹರಿದು ರಕ್ತ ಬಂತು. ಮಿಲ್ಲಿನವರು ನಕ್ಕು ಕಳಿಸಿದರು. ಸುದ್ದಿ ಕೇಳಿದ ಅಮೀರ್ ಸಾಬ್, "ಮೊಹರಂ ತನಕ ಯಾಕ, ಈಗ ಒಡೀಲೇನು?" ಅಂದ.

"ಪದ ಹೇಳೋದು ಬಿಡು ಅಣ್ಣಾ," ಅಂದಳು ಬೀ.

"ಪದ ಇಲ್ದ ಭಾರ ಎಳದ್ರ ಹೆಣ ಎಳದಂಗ ಆಗತದ. ನಾ ಬಿಡಂಗಿಲ್ಲ."

ಬೀ ಇಡೀ ಮೈ ತಿರುಗಿಸಿ ನಮ್ಮೆಲ್ಲರನ್ನೂ ನೋಡಿದಳು. "ಹಂಗಾದ್ರ ಮಷಿನ್ ಹೊಂಟಾಗ ಎಲ್ಲಾರೂ ಕೈ ಹಿಂದ ಕಟಗೊಂಡು ನಿಂದರ್ರಿ. ಬಾಯಿಲೆ ಎಷ್ಟರ ಜಗ್ಗರಿ, ನನಗೇನಿಲ್ಲ."

ಅದೇ ಕಾಯಿದೆ ಆಯಿತು. ಆದರೆ ಕೈ ಕಟ್ಟಿ ನಿಲ್ಲಲು ಕೆಲಸ ಬೇಕಲ್ಲ? ಎಣ್ಣೆ ಮಿಲ್ಲಿನ ಕಥೆ ಊರೆಲ್ಲ ಹಬ್ಬಿ ಒಬ್ಬರೂ ಕರೆಯಲಿಲ್ಲ. ಮೊಹರಂ ಬಂತು, ಮುಗಿಯಿತು. ಮರುದಿನ ಬೆಳಿಗ್ಗೆ ಅಮೀರ್ ಸಾಬ್ ಸುತ್ತಿಗೆ ಹುಡುಕುತ್ತಿದ್ದಾಗ ಗದ್ದೆಪ್ಪ ಓಡಿ ಬಂದ. ದೇವದುರ್ಗದಲ್ಲಿ ಅವನ ಸೋದರತ್ತೆ ಗೋಪಮ್ಮನ ಗಬ್ಬದ ಎಮ್ಮೆ ಬಾವಿಗೆ ಬಿದ್ದಿದೆ, ಮೊದಲ ಬಸ್ಸಿನ ಡ್ರೈವರ್ ಸುದ್ದಿ ತಂದಿದ್ದಾನೆ. ಕುತ್ತಿಗೆಮಟ್ಟ ನೀರಿನಲ್ಲಿ ನಿಂತಿದೆ, ಊರವರು ಹಗ್ಗ ಹಾಕಿ ಸೋತಿದ್ದಾರೆ. ಗೋಪಮ್ಮ ಹಾಲು ಮಾರಿ ಬದುಕುವ ಒಂಟಿ ಹೆಂಗಸು.

"ಒಂದು ದಿನ ಹೆಚ್ಚಿಗಿ ಕೊಡ್ರಿ," ಅಂದಳು ಬೀ ಗಂಡನಿಗೆ.

"ನಾನೂ ಬರ್ತೀನಿ ನಡಿ. ಎತ್ತಲಿಲ್ಲ ಅಂದ್ರ ಅಲ್ಲೇ ಒಡಕೊಂಡು ಬರೋಣು, ತರಾಕ ಹಗುರ ಆಗತದ," ಅಂದು ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

ಬೀ ಮಷಿನಿಗೆ ಕೌದಿ ಸುತ್ತಿದ್ದಳು. ಬಸ್ಸಿನ ಕಂಡಕ್ಟರ್ ಅಡ್ಡ ಬಂದ.

"ಏನದು ಬೀಬಿ?"

"ಹೊಲಿಗಿ ಮಷಿನ್ ರೀ."

ಅವನು ಒಂದು ಕಡೆ ಎತ್ತಲು ನೋಡಿ ಸೊಂಟ ಹಿಡಿದುಕೊಂಡ. "ಏನು ಹೊಲೀತಿಯವ್ವಾ ಇದ್ರಾಗ, ತಗಡ?"

ದೇವದುರ್ಗಕ್ಕೆ ಹೋಗಿ ನೋಡಿದರೆ, ಆ ಬಾವಿಗೆ ಹಿಂದೆ ಎತ್ತು ಕಟ್ಟಿ ನೀರು ಸೇದುತ್ತಿದ್ದ ಕಾಲದ ಎರಡು ಕಲ್ಲುಕಂಬ, ನಡುವೆ ಒಂದು ಗಾಲಿ ಇನ್ನೂ ಇದ್ದವು. ಹಗ್ಗವನ್ನು ಅದರ ಮೇಲೆ ಹಾಯಿಸಿದೆವು. ವಿಂಚಿಗೆ ನೆಲದಲ್ಲಿ ಗೂಟ ಹೊಡೆದು ಬಿಗಿದೆವು. ಕರೆಂಟನ್ನು ಬಾವಿಯ ಪಂಪ್‌ಸೆಟ್ಟಿನ ಡಬ್ಬಿಯಿಂದಲೇ ತೆಗೆದೆವು. ಬರಿ ಕೊಕ್ಕೆ ಇಳಿಸಲು ಬೀ ಕೆಂಪು ಒತ್ತಿದರೆ ಕೊಕ್ಕೆ ಮೇಲೇರಿತು. ಪಂಪ್‌ಸೆಟ್ ಇದ್ದವರಿಗೆಲ್ಲ ಇದು ಗೊತ್ತಿರುವುದೇ. ಮೂರು ವೈರಿನಲ್ಲಿ ಯಾವ ಎರಡು ಅದಲುಬದಲಾದರೂ ಮೋಟರು ಉಲ್ಟಾ ತಿರುಗುತ್ತದೆ.

"ಬಿಚ್ಚಿ ಕಟಗೊಂತ ಕೂಡೋಷ್ಟು ಹೊತ್ತಿಲ್ಲ," ಅಂದಳು ಬೀ. "ಇವತ್ತು ಕೆಂಪು ಮ್ಯಾಲ, ಹಸಿರು ಕೆಳಗ. ಅಷ್ಟ."

ಎಮ್ಮೆಯ ಹೊಟ್ಟೆಗೆ ಹಾಕಲು ನಾವು ಗೋಣಿಚೀಲ ಮಡಚಿ ಅಗಲ ಪಟ್ಟಿ ಹೊಲಿದು ತಂದಿದ್ದೆವು. ಇಳಿದು ಕಟ್ಟುವವರು ಯಾರು? ನಮ್ಮ ಗುಂಪಿನಲ್ಲಿ ಒಬ್ಬನಿಗೂ ಈಜು ಬಾರದು. ಗೋಪಮ್ಮ ಬಾವಿಕಟ್ಟೆಯ ಮೇಲೆ ಕೂತು ಎಮ್ಮೆಗೆ, "ಹೆದರಬ್ಯಾಡ ನನ್ನವ್ವಾ, ನಾ ಇಲ್ಲೇ ಇದೀನಿ," ಅನ್ನುತ್ತಿದ್ದಳು. ಅಮೀರ್ ಸಾಬ್ ಸ್ವಲ್ಪ ಹೊತ್ತು ಅದನ್ನೇ ಕೇಳಿದ. ಆಮೇಲೆ ಅಂಗಿ ಬಿಚ್ಚಿ, ಚೀಲವನ್ನು ಹೆಂಡತಿಯ ಕಾಲ ಬಳಿ ಇಟ್ಟು, ಬಾವಿಯ ಗೋಡೆಗೆ ಚಾಚಿದ ಪಾವಟಿಗೆ ಕಲ್ಲುಗಳನ್ನು ಹಿಡಿದು ಇಳಿದುಬಿಟ್ಟ. ಕೃಷ್ಣೆಯ ದಂಡೆಯಲ್ಲಿ ಬೆಳೆದವನು ಅವನು.

ಪಟ್ಟಿ ಕಟ್ಟಿದ್ದಾಯಿತು. ಎಮ್ಮೆ ಮಾತ್ರ ಬೆದರಿ ಕಾಲು ಬಡಿಯುತ್ತಿತ್ತು.

"ಸಾಬ್ರೇ, ಆಕಿ ಮ್ಯಾಲ ಹತ್ತಿ ಕೋಡು ಹಿಡಕೊಂಡು ಕೂಡ್ರಿ!" ಗೋಪಮ್ಮ ಕೂಗಿದಳು. "ಮನಶ್ಯಾರ ಮೈ ಹತ್ತಿದ್ರ ಸುಮ್ಮನಾಗತಾಳ!"

ಅವನು ಹತ್ತಿ ಕೂತ. ಎಮ್ಮೆ ಸುಮ್ಮನಾಯಿತು. ಬೀ ಕೆಂಪು ಒತ್ತಿದಳು. ನಾನು ಪದ ಎತ್ತಿದೆ. ನಮ್ಮವರು ಸಾಲೆಯ ಹುಡುಗರ ಹಾಗೆ ಕೈ ಹಿಂದೆ ಕಟ್ಟಿಕೊಂಡು "ಐಸಾ" ಅಂದರು. ಎಮ್ಮೆ, ಎಮ್ಮೆಯ ಮೇಲೆ ಅಮೀರ್ ಸಾಬ್, ನೀರು ಸುರಿಸುತ್ತ ಮೇಲೆದ್ದರು. ಅರ್ಧ ಬಾವಿ ಬಂದಾಗ ಡಬ್ಬಿಯಲ್ಲಿ ಕಿಡಿ ಹಾರಿ ಕರೆಂಟು ಹೋಯಿತು. ಮಷಿನು ಕಚ್ಚಿ ಹಿಡಿಯಿತು. ಇಬ್ಬರೂ ನಡುವೆ ತೂಗತೊಡಗಿದರು.

"ಮುನವ್ವರ್, ಏನಾತು?" ಕೆಳಗಿನಿಂದ ದನಿ ಬಂತು.

"ಏನಿಲ್ರಿ, ದಣಿವಾರಿಸ್ಕೊಳ್ಳಾಕತ್ತದ. ಕೆಳಗ ನೋಡಬ್ಯಾಡ್ರಿ."

ಯಾರೋ ಓಡಿ ಹೋಗಿ ಲೈನ್‌ಮನ್ ರಾಮಲಿಂಗಪ್ಪನನ್ನು ಸೈಕಲ್ ಮೇಲೆ ಕರೆತಂದರು. ಅವನು ಸುಟ್ಟ ವೈರು ಕತ್ತರಿಸಿ, "ಯಾರಲೇ ಕಟ್ಟಿದೋರು, ಎಲ್ಲಾ ಉಲ್ಟಾ ಅದ," ಅಂದು ಗೊಣಗಿಕೊಂಡು, ತನಗೆ ಸರಿ ಕಂಡಂತೆ ಜೋಡಿಸಿ, "ಒತ್ತರಿ," ಅಂದ. ಬೀ ಗಂಡನ ಕಡೆ ನೋಡುತ್ತಿದ್ದಳು, ಅವನ ಗೊಣಗು ಆಕೆಗೆ ಕೇಳಲಿಲ್ಲ. ಕೆಂಪು ಒತ್ತಿದಳು.

ಎಮ್ಮೆ ಸರ್ರನೆ ಕೆಳಗಿಳಿಯಿತು.

"ಏ ಮುನವ್ವರ್! ಮ್ಯಾಲ! ಮ್ಯಾಲ!"

"ಕೆಂಪ ಒತ್ತು, ಇನ್ನೂ ಗಟ್ಟಿ ಒತ್ತು!" ಅಂತ ಇಡೀ ಊರು ಕಿರುಚಿತು. ಗೋಪಮ್ಮ ಎದೆ ಬಡಿದುಕೊಂಡಳು. ನಾನು ರಾಮಲಿಂಗಪ್ಪನ ಕಾಲರ್ ಹಿಡಿದಿದ್ದೆ. ಎಮ್ಮೆಯ ಹೊಟ್ಟೆ ನೀರಿಗೆ ಮುಟ್ಟಿತು, ಪಟ್ಟಿ ಒಂದು ಕಡೆ ಜಾರತೊಡಗಿತು. ಬಾವಿಯನ್ನೂ ಉರುಳೆಯನ್ನೂ ಒಟ್ಟಿಗೆ ನೋಡಲು ಬೀಗೆ ಕುತ್ತಿಗೆ ಬಾರದು. ಆಕೆ ಬೆರಳು ತೆಗೆದಳು, ಬಾವಿಗೆ ಬೆನ್ನು ಮಾಡಿ ಮೈ ತಿರುಗಿಸಿದಳು, ಉರುಳೆಯನ್ನಷ್ಟೇ ನೋಡಿದಳು. ಕೆಂಪನ್ನು ಒಂದು ಚೂರು ಒತ್ತಿ ಬಿಟ್ಟಳು. ಉರುಳೆಯಿಂದ ಹಗ್ಗ ಬಿಚ್ಚಿಕೊಂಡಿತು, ಅಂದರೆ ಈಗ ಕೆಂಪು ಕೆಳಗೆ.

"ಎಲ್ಲಾರೂ ಬಾಯಿ ಮುಚ್ಚರಿ! ಅಣ್ಣಾ, ಅವನ್ನ ಬಿಟ್ಟು ಪದ ಹೇಳು!"

ಹಸಿರು ಒತ್ತಿದಳು. ನನಗೆ ಯಾವ ಪದವೂ ನೆನಪಾಗಲಿಲ್ಲ. "ಸಾಬ ಬಂದ ಎಮ್ಮಿ ಏರಿ..." ಅಂತ ಬಾಯಿಗೆ ಬಂದದ್ದು ಹೇಳಿದೆ. "ಐಸಾ!" ಈ ಸಲ ಊರೇ ಕೂಗಿತು. ಕಟ್ಟೆಯ ಮೇಲೆ ಮೊದಲು ಕೋಡು ಕಂಡವು, ಆಮೇಲೆ ಕೋಡು ಹಿಡಿದ ಎರಡು ಕೈ, ಆಮೇಲೆ ಒದ್ದೆ ಗಡ್ಡ. ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಂಡು ನೆಲಕ್ಕಿಳಿಸಿದೆವು.

"ನೋಡ್ರಿ, ನಾ ವೈರ್ ಸರಿ ಮಾಡಿದ್ದೇ ತಡ, ಬಂತು," ಅಂದ ರಾಮಲಿಂಗಪ್ಪ. ಆ ಸುಳ್ಳು ಹುಟ್ಟಿದ್ದು ಆ ಗಳಿಗೆಯಲ್ಲಿ.

ಅಮೀರ್ ಸಾಬ್ ಒದ್ದೆ ಮೈಯಲ್ಲೇ ಚೀಲದಿಂದ ಸುತ್ತಿಗೆ ತೆಗೆದ. ಅವನು ಮಷಿನಿನ ಸುತ್ತ ಒಂದು ಸುತ್ತು ಬಂದು, ಗೂಟಗಳನ್ನು ಅಡ್ಡ ಬಡಿದು ಒಂದೊಂದಾಗಿ ಕಿತ್ತ. "ಕೌದಿ ಎಲ್ಲೈತಿ? ಧೂಳು ಕುಂದರತದ ಅದರ ಮ್ಯಾಲ," ಅಂದ.

ಆಮೇಲೆ ಬೀಗೆ ಬಿಡುವಿರಲಿಲ್ಲ. ಮಾನ್ವಿಯಲ್ಲಿ ಅಕ್ಕಿ ಮಿಲ್ಲುಗಳು ಏಳುತ್ತಿದ್ದವು. ಲಾರಿಯಿಂದ ಬಾಯ್ಲರ್ ಇಳಿಸಲು ಆಕೆಯೇ ಬೇಕು. ಹೊಳೆ ಏರಿತು ಅಂದರೆ ಚೀಕಲಪರ್ವಿಯವರು ದಂಡೆಯ ಮೋಟರುಗಳನ್ನು ಮೇಲೆಳೆಯಲು ಜೀಪು ಕಳಿಸುತ್ತಿದ್ದರು. ಅಮೀರ್ ಸಾಬ್ ಮಷಿನಿಗೆ ಗ್ರೀಸ್ ಹಚ್ಚುತ್ತಿದ್ದ, ಕಬ್ಬಿಣದ ಬುಟ್ಟಿ ಅವನೇ ಹೊರುತ್ತಿದ್ದ. ನನ್ನ ನಡ ನೆಟ್ಟಗಾಯಿತು.

ಉಳಿದದ್ದು ಗಿಣ್ಣದ ವಿಷಯ. ಅವತ್ತು ಬೀ ಬಾಡಿಗೆ ಬೇಡ ಅಂದಿದ್ದಕ್ಕೆ ಗೋಪಮ್ಮ, "ಎಮ್ಮಿ ಈದ್ರ ಮೊದಲನೇ ಗಿಣ್ಣ ನಿನಗ. ನೀ ತಿಂದ ಮ್ಯಾಲನ ನಾ ಮುಟ್ಟೋದು," ಅಂದಿದ್ದಳು. ಎಮ್ಮೆ ಈಯಿತು, ಹೆಣ್ಣುಗರು. ಗೋಪಮ್ಮ ಗಿಣ್ಣ ಕಾಸಿ, ಡಬ್ಬಿ ಮಡಿಲಲ್ಲಿಟ್ಟುಕೊಂಡು ರಾಯಚೂರಿಗೆ ಬಂದಳು. ಬೀ ಮಾನ್ವಿಗೆ ಹೋಗಿದ್ದಳು. ಗೋಪಮ್ಮ ಕಾದು ಕಾದು, ಡಬ್ಬಿಯನ್ನು ಅಮೀರ್ ಸಾಬನ ಕೈಗಿಟ್ಟು ಬಸ್ ಹಿಡಿದಳು. ಅವನು ಒಂದು ಚೂರು ರುಚಿ ನೋಡಿದನಂತೆ. ಬೀ ಬಂದಾಗ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಆ ಎಮ್ಮಿ ಮ್ಯಾಲ ಜೀವ ಕೈಯಾಗ ಹಿಡಕೊಂಡು ಕೂತಾಂವ ನಾನು," ಅಂದ ಅವನು.

ಗೋಪಮ್ಮ ಇದನ್ನು ಒಪ್ಪಲಿಲ್ಲ. ಮಾತು ಕೊಟ್ಟದ್ದು ಬೀಗೆ, ತಿಂದದ್ದು ಸಾಬ, ಹಾಗಾಗಿ ಋಣ ತೀರಿಲ್ಲ ಅಂತ ಹಟ ಹಿಡಿದಳು. ಮುಂದಿನ ಸಲ ಎಮ್ಮೆ ಈದಾಗ ಬೀ ದೇವದುರ್ಗಕ್ಕೆ ಹೋಗುವಷ್ಟರಲ್ಲಿ ಗಿಣ್ಣದ ದಿನ ದಾಟಿ ಹಾಲು ತಿಳಿಯಾಗಿತ್ತು. ಆಮೇಲೆ ಎಮ್ಮೆಗೆ ವಯಸ್ಸಾಯಿತು, ಗೋಪಮ್ಮನಿಗೂ ಆಯಿತು. ಕರುವನ್ನು ಗದ್ದೆಪ್ಪನ ತಂಗಿಗೆ ಕೊಟ್ಟು, ಗಿಲ್ಲೆಸುಗೂರಿನ ಮಗಳ ಮನೆ ಸೇರಿದಳು. ಅಲ್ಲಿ ಎಮ್ಮೆ ಕಟ್ಟಲು ಜಾಗವಿಲ್ಲ.

ಹೋದ ವರ್ಷ ಗಿಲ್ಲೆಸುಗೂರಿನಲ್ಲಿ ಹೂತುಹೋದ ಟ್ರ್ಯಾಕ್ಟರ್ ಎಳೆಯಲು ನಾವೆಲ್ಲ ಹೋಗಿದ್ದೆವು. ಕೆಲಸದ ನಡುವೆ ಗೋಪಮ್ಮ ಕೋಲೂರಿಕೊಂಡು ಚಹಾ ತಂದಳು. ಬೀ ಮೈ ತಿರುಗಿಸಿ ನಕ್ಕು ಕೈ ಚಾಚಿದರೆ, ಮುದುಕಿ ಬಸಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲ ಹೇಳತೀನಿ ಬೀ, ಇದು ಕೊಂಡ ಹಾಲಿಂದು. ಗಿಣ್ಣದ ಲೆಕ್ಕಕ್ಕ ಹಿಡಿಬ್ಯಾಡ."

"ಹಿಡ್ಯಂಗಿಲ್ಲ ಯವ್ವಾ," ಅಂದಳು ಬೀ. ಆಮೇಲೆ ಮುದುಕಿ ಚಹಾ ಕೊಟ್ಟಳು.