ಕುರುಗೋಡಿನ ಹದಿನೆಂಟು ಹೂಂ

ಆ ಶನಿವಾರ ಬೆಳಿಗ್ಗೆ ಆರೂ ಹತ್ತರ ಬಸ್ಸಿಗೆ ನಾನು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟೆ. ಕೆಲಸ ಒಂದೇ: ಅಲ್ಲಿ ಒಬ್ಬರು ಮುಚ್ಚುತ್ತಿದ್ದ ಹೊಲಿಗೆ ಶೆಡ್ಡಿನ ಹದಿನೈದು ಮಷಿನ್‌ಗಳನ್ನು ನೋಡಿ, ಸರಿಯಿವೆಯೋ ಇಲ್ಲವೋ ಅಕ್ಕನಿಗೆ ಹೇಳುವುದು.

ಅಕ್ಕ ಬಳ್ಳಾರಿಯಲ್ಲಿ ಹತ್ತು ಮಷಿನ್‌ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾಳೆ. ಎಂಟು ವರ್ಷ ಬೇರೆಯವರ ಶೆಡ್ಡಿನಲ್ಲಿ ಹೊಲಿದು, ಆಮೇಲೆ ತನ್ನದನ್ನು ಹಾಕಿದವಳು. ಅದೇ ಊರಿನ ಬ್ರೂಸ್‌ಪೇಟೆಯ ಒಬ್ಬ ಸಗಟು ವ್ಯಾಪಾರಿ ಅವಳಿಗೆ ಮೊದಲ ಸಲ ದೊಡ್ಡ ಆರ್ಡರ್ ಕೊಡಲು ಮುಂದಾಗಿದ್ದರು: ದಸರೆಗೆ ಮುಂಚೆ, ನಲವತ್ತು ದಿನಗಳಲ್ಲಿ ಐದು ಸಾವಿರ ಪ್ಯಾಂಟು. ನಮ್ಮ ಹತ್ತು ಮಷಿನ್‌ಗಳಿಂದ ದಿನಕ್ಕೆ ಅರವತ್ತು ದಾಟುವುದಿಲ್ಲ. ಹಾಗಾಗಿ ಈ ಹದಿನೈದು ಮಷಿನ್‌ ಕೊಂಡು ಕುರುಗೋಡಿನಲ್ಲಿ ಎರಡನೇ ಶೆಡ್ಡು ಹಾಕುವ ಯೋಚನೆ. ಅದೇ ಶನಿವಾರ ಸಂಜೆ ನಾಲ್ಕಕ್ಕೆ ಅಕ್ಕ ಅವರ ಅಂಗಡಿಗೆ ಹೋಗಿ ಮಾತು ಕೊಡಬೇಕಿತ್ತು. ಆ ಬೀದಿಯಲ್ಲಿ ಕೊಟ್ಟ ಮಾತು ಒಮ್ಮೆ ತಪ್ಪಿದರೆ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಲಾಗುವುದಿಲ್ಲ.

ನಾನು ಎಂ.ಕಾಂ. ಎರಡನೇ ವರ್ಷದಲ್ಲಿದ್ದೆ. ಒಂದು ಉದ್ಯಮ ತನ್ನ ಸುತ್ತಲಿನ ಜಗತ್ತನ್ನು ಹೇಗೆ ಅಳೆಯಬೇಕೆಂದು ತರಗತಿಯಲ್ಲಿ ಕಲಿತಿದ್ದೆ: ಸರ್ಕಾರ, ಮಾರುಕಟ್ಟೆ, ಸಮಾಜ, ತಂತ್ರಜ್ಞಾನ, ಕಾನೂನು, ಪರಿಸರ. ಒಂದೊಂದಕ್ಕೂ ಡೈರಿಯಲ್ಲಿ ಒಂದೊಂದು ಪುಟ ಮಾಡಿದ್ದೆ. ಹದಿಮೂರು ದಿನ ತಿರುಗಿ ತುಂಬಿಸಿದ್ದೆ. ಪರಿಸರದ ಪುಟದಲ್ಲಿ ಮಾತ್ರ ಒಂದೇ ಸಾಲಿತ್ತು: ‘ಬಟ್ಟೆ ತೊಳೆಯುವ ಕೆಲಸ ಬೇರೆಯವರದು. ನಮಗೆ ಸಂಬಂಧವಿಲ್ಲ.’

ಕುರುಗೋಡಿನಲ್ಲಿ ಹೊಲಿಗೆ ಕಲಿತ ಹೆಂಗಸರಿದ್ದ ಇಪ್ಪತ್ತೆರಡು ಮನೆಗಳಿಗೆ ಹೋಗಿದ್ದೆ. ‘ಶೆಡ್ಡು ಹಾಕಿದ್ರ ಕೆಲ್ಸಕ್ಕ ಬರ್ತೀರೇನ್ರಿ?’ ಎಂದು ಕೇಳಿ, ಹೂಂ ಅಂದವರಿಗೆ ಒಂದೊಂದು ಗೀಟು ಎಳೆದಿದ್ದೆ. ಹದಿನೆಂಟು ಗೀಟು. ಬೇಕಿದ್ದದ್ದು ಹದಿನೈದು. ಆ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆ ನನ್ನ ಡೈರಿ ನೋಡಿ ನಕ್ಕಿದ್ದಳು. ‘ಏನ್ ತಂಗೀ, ಓಟಿನ ಪಟ್ಟಿ ಬರ್ಕೊಂಡಂಗ ಬರ್ಕೊಳ್ಳಾಕ ಹತ್ತೀಯಲ್ಲ. ಸೀರಿನೂ ಹಂಚ್ತೀರೇನು?’ ನಾನೂ ನಕ್ಕು ಅವಳಿಗೂ ಒಂದು ಗೀಟು ಎಳೆದಿದ್ದೆ.

ಸಿರುಗುಪ್ಪದ ಮಷಿನ್‌ಗಳು ಚೆನ್ನಾಗಿದ್ದವು. ಹದಿನೈದನ್ನೂ ಓಡಿಸಿ ನೋಡಿದೆ. ಎರಡರ ಬೆಲ್ಟು ಸಡಿಲ, ಉಳಿದವು ಹೊಸದರಂತೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ, ಬರೀ ಮಾತಿಗೆಂಬಂತೆ, ಶೆಡ್ಡಿನವರನ್ನು ಕೇಳಿದೆ: ‘ಇಷ್ಟು ಚಲೋ ಮಷಿನ್ ಯಾಕ ಮಾರಾಕ ಹತ್ತೀರಿ?’

ಅವರು ಬಾಗಿಲ ಹೊರಗೆ ಕೈ ತೋರಿಸಿದರು. ರಸ್ತೆಯಾಚೆ ಭತ್ತದ ಸಸಿಮಡಿ. ಗೇಣುದ್ದದ ಹಸಿರು.

‘ಕಾಲುವಿಗಿ ನೀರು ಬಿಟ್ರಂದ್ರ ನನ್ನ ಮಷಿನ್ ಮುಂದ ಕಾಗಿ ಕುಂದರ್ತಾವಮ್ಮಾ. ಮಂದಿ ಎಲ್ಲಾ ನಾಟಿಗಿ. ಎರಡು ವರ್ಷ ನೋಡ್ದೆ, ಸಾಕಾತು.’

‘ಅದು ಸಿರುಗುಪ್ಪದಾಗ. ಕುರುಗೋಡಿನಾಗ...’

‘ಕುರುಗೋಡಿನ ನಾಟಿ ಗುಂಪು ಎಲ್ಲಿಗಿ ಬರ್ತೈತಿ ಅಂತ ತಿಳ್ಕೊಂಡಿ? ಇಲ್ಲಿಗೇ.’

ಆಗ ಗಂಟೆ ಹತ್ತೂವರೆ. ತುಂಗಭದ್ರೆಯ ಕಾಲುವೆಗೆ ನೀರು ಬಿಡುವ ಸುದ್ದಿಯನ್ನು ಆ ವಾರವೇ ಪತ್ರಿಕೆಯಲ್ಲಿ ಓದಿದ್ದೆ. ಓದಿ, ಸೂಜಿ ದಾರದ ಬೆಲೆ ಹುಡುಕುತ್ತಾ ಪುಟ ತಿರುಗಿಸಿದ್ದೆ.

ಬಳ್ಳಾರಿಗೆ ವಾಪಸಾಗುವ ಬದಲು ಕುರುಗೋಡಿನ ಬಸ್ಸು ಹಿಡಿದೆ. ಅದು ಹೊರಟಿದ್ದೇ ಹನ್ನೆರಡೂ ಕಾಲಿಗೆ. ದಾರಿಯುದ್ದಕ್ಕೂ ಕಿಟಕಿಯಿಂದ ಸಸಿಮಡಿಗಳನ್ನು ಎಣಿಸಿದೆ. ಮೂವತ್ತಕ್ಕೆ ನಿಲ್ಲಿಸಿದೆ. ಹದಿಮೂರು ದಿನ ಇದೇ ದಾರಿಗಳಲ್ಲಿ ಓಡಾಡಿದ್ದೆ. ಆಗಲೂ ಅವು ಅಲ್ಲೇ ಇದ್ದವು. ಅಕ್ಕನಿಗೆ ಫೋನ್ ಮಾಡಬಹುದಿತ್ತು. ಇನ್ನೊಮ್ಮೆ ಖಚಿತಪಡಿಸಿಕೊಂಡು ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬಾಯಿ ಬರಲಿಲ್ಲ.

ಸೀರೆ ಕೇಳಿ ತಮಾಷೆ ಮಾಡಿದ್ದ ಆ ಹಿರಿಯಾಕೆ ಮನೆ ಮುಂದೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾಟಿ ಗುಂಪಿನ ಮುಖ್ಯಸ್ಥೆ ಅವಳೇ ಎಂದು ನನಗೆ ಗೊತ್ತಾದದ್ದು ಅವತ್ತೇ.

‘ನಾಟಿಗಿ ಬರ್ತೀವಿ ಅಂತ ಎಲಿ ಅಡಿಕಿ ಹಿಡ್ದು ಎಂಟು ದಿನ ಆತವಾ’ ಎಂದಳು. ‘ಸಿರುಗುಪ್ಪದ ಕಡಿ, ದೇಶನೂರಿನವ್ರ ಹೊಲ. ಅದು ಮುಗದ ಮ್ಯಾಲೆ ಮತ್ತೊಬ್ರದು. ತಿಂಗಳ ಮ್ಯಾಲೇ ಹಿಡೀತೈತಿ.’

‘ಎಷ್ಟು ಮಂದಿ ಹೊಂಟೀರಿ?’

‘ನೀ ಬರ್ಕೊಂಡಿಯಲ್ಲ, ಅವ್ರೆಲ್ಲಾರೂ.’

‘ನನಗ ಬರ್ತೀವಿ ಅಂದ್ರೆಲ್ಲ!’

‘ಹೂಂ, ಬರ್ತೀವಿ. ನಾಟಿ ಮುಗೀಲಿ. ಯಾವಾಗ ಬರ್ತೀರಿ ಅಂತ ನೀ ಕೇಳ್ಲೇ ಇಲ್ಲ.’ ಮೊರವನ್ನು ಕೆಳಗಿಟ್ಟಳು. ‘ನೋಡವಾ, ಒಂದು ವರ್ಷ ನಾಟಿ ಸಾಲು ಬಿಟ್ರ ಮುಂದಿನ ವರ್ಷ ಸಾಲಿನಾಗ ಜಾಗ ಇಲ್ಲ. ನಿಮ್ಮ ಶೆಡ್ಡು ಮುಂದಿನ ವರ್ಷ ಇರ್ತೈತೋ ಇಲ್ಲೋ, ಯಾರಿಗ್ಗೊತ್ತು? ಕಾಲುವಿ ಇರ್ತೈತಿ.’

‘ಇಬ್ಬರಾದ್ರೂ?’

‘ಎಲಿ ಅಡಿಕಿ ಹಿಡ್ದ ಮ್ಯಾಲೆ ಒಬ್ರೂ ಇಲ್ಲ. ಉಂಡು ಹೋಗು, ಮಾರಿ ಬಾಡೇತಿ.’

ಊಟಕ್ಕೆ ನಿಲ್ಲಲಿಲ್ಲ. ಬಸ್ ನಿಲ್ದಾಣದಿಂದ ಅಕ್ಕನಿಗೆ ಫೋನ್ ಮಾಡಿದೆ. ಮಷಿನ್‌ಗಳ ಸದ್ದಿನಲ್ಲಿ ಅವಳು ಕೂಗಿದಳು: ‘ಏನ್ಲೇ?’

‘ನಾ ಬರೋತನಕ ಅವ್ರಿಗಿ ಮಾತು ಕೊಡಬ್ಯಾಡ.’

‘ಯಾಕ? ಏನಾತು?’

‘ಬಂದು ಹೇಳ್ತೀನಿ.’

ಬ್ರೂಸ್‌ಪೇಟೆಯಲ್ಲಿ ಆಟೊ ಒಳಗೆ ನುಗ್ಗಲಿಲ್ಲ. ಒಂದು ಗಾಡಿ ಮೂಟೆ ಇಳಿಸುತ್ತಾ ಓಣಿಗೆ ಅಡ್ಡ ನಿಂತಿತ್ತು. ಇಳಿದು ಓಡಿದೆ. ಅಂಗಡಿ ಹತ್ತಿದಾಗ ನಾಲ್ಕೂ ಇಪ್ಪತ್ತು. ಅಕ್ಕನ ಮುಂದೆ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಇಪ್ಪತ್ತು ನಿಮಿಷ ಅವಳು ಗುಂಡಿ, ಜಿಪ್ಪು, ಜೇಬಿನ ಹೊಲಿಗೆ ಎಂದು ಏನೇನೋ ಮಾತಾಡುತ್ತಾ ಕಾಲ ತಳ್ಳಿದ್ದಳು.

‘ಬಂದ್ರು ನೋಡ್ರಿ ನಿಮ್ಮ ಲೆಕ್ಕದ ಮೇಡಂ’ ಎಂದರು ವ್ಯಾಪಾರಿ. ‘ಈಗಾದ್ರೂ ಹೇಳ್ರಮ್ಮಾ. ಐದು ಸಾವಿರ, ಹೌದೋ ಅಲ್ಲೋ?’

ಅಕ್ಕ ನನ್ನ ಮುಖ ನೋಡಿದಳು. ಹೊರಗೆ ಕರೆದುಕೊಂಡು ಹೋಗಿ ಹೇಳೋಣವೆಂದುಕೊಂಡಿದ್ದೆ. ಅಲ್ಲಿ ಅದಕ್ಕೆ ಎಡೆಯಿರಲಿಲ್ಲ.

‘ಕುರುಗೋಡಿನವ್ರು ಬರಂಗಿಲ್ಲ’ ಅಂದೆ. ‘ನಾಟಿ ಮುಗಿಯೋತನಕ ಒಬ್ಬರೂ ಇಲ್ಲ. ನನ್ನ ಲೆಕ್ಕ ತಪ್ಪೈತಿ.’

ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದವರೂ ಕೈ ನಿಲ್ಲಿಸಿದರು. ಅಕ್ಕನ ಕುತ್ತಿಗೆ ಕೆಂಪಾಯಿತು. ಮೇಜಿನ ಮೇಲಿನ ಮಾದರಿ ಪ್ಯಾಂಟಿನ ಅಂಚನ್ನು ಬೆರಳಲ್ಲಿ ಸವರಿದಳು.

‘ಎರಡು ಸಾವಿರ ಮಾಡಿಕೊಡ್ತೀನ್ರಿ’ ಎಂದಳು. ‘ಅದಕ್ಕ ಮಾತು ಕೊಡ್ತೀನಿ. ಐದಕ್ಕ ಆಗಂಗಿಲ್ಲ.’

‘ಅರೇ, ನಾನು ನಿಮ್ಮನ್ನ ನಂಬಿ ಬ್ಯಾರೆಯವ್ರಿಗಿ ಹೇಳಿಲ್ಲಲ್ರೀ!’

‘ನಂಬೀರಿ ಅಂತನ ಈಗ ಹೇಳಾಕ ಹತ್ತೀನಿ.’

ಅವರು ನಮ್ಮೆದುರೇ ಫೋನ್ ತೆಗೆದು ಇನ್ನೊಬ್ಬರಿಗೆ ಮೂರು ಸಾವಿರದ ಕೆಲಸ ಹೇಳಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಬಳಿಕ ಅಕ್ಕನ ಕಡೆ ಎರಡು ಬೆರಳು ತೋರಿಸಿ, ‘ಇದರಾಗ ಒಂದು ಪೀಸ್ ತಡ ಆಗಬಾರ್ದು’ ಎಂದರು.

ಓಣಿಗೆ ಇಳಿದ ಮೇಲೆ ಅಕ್ಕ ಸ್ಕೂಟಿಯ ಕೀಲಿ ಹಾಕಿದಳು. ತಿರುಗಿಸಲಿಲ್ಲ.

‘ನಿನಗ ಯಾವಾಗ ಗೊತ್ತಾತು?’

‘ಸಿರುಗುಪ್ಪದಾಗ. ಹತ್ತೂವರಿಗಿ.’

‘ಹತ್ತೂವರಿಗಿ ಗೊತ್ತಾದದ್ದು ನಾಲ್ಕೂ ಇಪ್ಪತ್ತಕ್ಕ ಹೇಳಾಕ ಬಂದೀ?’

ಅವಳು ಕೀಲಿಯನ್ನು ಮತ್ತೆ ಹೊರಗೆಳೆದಳು.

‘ಲೆಕ್ಕ ತಪ್ಪಲಿ ಲೇ, ನಂದೂ ತಪ್ಪತೈತಿ. ಆರು ತಾಸು ಇದ್ದಿದ್ರ ನಾ ಬಳ್ಳಾರಿಯಾಗ ನಾಕು ಶೆಡ್ಡು ತಿರುಗಿ ಮಂದೀನ ಕೇಳ್ತಿದ್ದೆ. ಇನ್ನೊಂದು ಸಾವಿರ ಉಳೀತಿತ್ತೋ ಏನೋ.’

ಹಿಂದಿನಿಂದ ಗಾಡಿಯವರು ಹಾರ್ನ್ ಬಾರಿಸಿದರು. ಅವಳು ಪಕ್ಕಕ್ಕೆ ಸರಿಯಲಿಲ್ಲ.

‘ಆ ಮಷಿನ್‌ನವ್ರು ಕಾಯಾಕ ಹತ್ತಿರಬೇಕು. ಬ್ಯಾಡ ಅಂತ ಹೇಳು.’

‘ಮನಿಗಿ ಹೋಗಿ ಮಾಡ್ತೀನಿ.’

‘ಇಲ್ಲೇ ಮಾಡು. ಈಗ.’

ಡೈರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಿರುಗುಪ್ಪಕ್ಕೆ ಫೋನ್ ಹಚ್ಚಿದೆ. ಅವರು ಎತ್ತುವವರೆಗೆ ಅಕ್ಕ ನನ್ನನ್ನೇ ನೋಡುತ್ತಾ ನಿಂತಿದ್ದಳು.