ಇನ್ನೊಂದು ತುದಿ ಹಿಡಿಯುವವರು

ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳಿಗೆ ಹೂಂ ಅಕ್ಕ ಎಂದೇ ಹೆಸರು. ಇನ್ನೆರಡು ಗಂಟು ಮಡಚು ಎಂದರೆ ಹೂಂ. ಊಟಕ್ಕೆ ಆಮೇಲೆ ಹೋಗು ಎಂದರೂ ಹೂಂ. "ನಿಮ್ಮತ್ತೆ ಬಾಯಲ್ಲಿ ಬೇರೆ ಅಕ್ಷರ ಇದೆಯೇನೇ?" ಎಂದು ಜೊತೆಯವರು ಅಲ್ಲೇ ಕೆಲಸಕ್ಕಿದ್ದ ಸೊಸೆಯನ್ನು ಛೇಡಿಸುವರು. ಇಂಥ ಬಾಯಿಸತ್ತ ಹೆಂಗಸು ಒಬ್ಬಳೇ ಹೇಗೆ ಮಗನನ್ನು ಸಾಕಿದಳೋ ಎಂದು ಸೊಸೆಗೂ ಒಳಗೊಳಗೇ ಅನಿಸುತ್ತಿತ್ತು.

ಬೆಡ್‌ಶೀಟು ಮಡಚುವುದು ಒಂಟಿಯಾಗಿ ಆಗುವ ಕೆಲಸವಲ್ಲ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಎಳೆದು, ಕೊಡವಿ, ಎದುರೆದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಅತ್ತೆ ಸೊಸೆ ಒಂದು ಜೋಡಿ. ಅತ್ತೆ ಸೊಸೆ ಎಳೆದಾಡಿಯೂ ಹರಿಯದ್ದು ಲೋಕದಲ್ಲಿ ಬೆಡ್‌ಶೀಟೊಂದೇ ಎಂದು ಎಲ್ಲರಿಗೂ ನಗು.

ಕೂತರೆ ಕೈ ನಿಧಾನವಾಗುತ್ತದೆಂದು ಹೊಸ ಸೂಪರ್‌ವೈಸರ್ ಸ್ಟೂಲುಗಳನ್ನೆಲ್ಲ ಕೋಣೆಗೆ ತುಂಬಿಸಿ ಬೀಗ ಜಡಿದಿದ್ದ. ಸೊಸೆ ತುಂಬಿದ ಬಸುರಿ, ಕಾಲು ಊದಿ ಕಂಬವಾಗಿತ್ತು. ಈಗ ಕೆಲಸ ಬಿಟ್ಟರೆ ಹೆರಿಗೆಯ ರಜೆಯೂ ಇಲ್ಲ, ಮತ್ತೆ ಸೇರಿಸಿಕೊಳ್ಳುವುದೂ ಇಲ್ಲ. ಒಂದು ದಿನ ತಡೆಯಲಾರದೆ ಬಟ್ಟೆಗಂಟಿನ ಮೇಲೆ ಕುಸಿದು ಕೂತಳು. ಅವನು ಬಂದು ಗಂಟನ್ನು ಸರಕ್ಕನೆ ಎಳೆದ. ಅವಳು ನೆಲಕ್ಕೆ ಕೈಯೂರಿ ಹೇಗೋ ಬಚಾವಾದಳು.

"ಕೂರೋದಾದ್ರೆ ಹೊರಗೆ ಹೋಗಿ ಕೂರು. ನಾಳೆಯಿಂದ ಬರಬೇಡ."

ಅವಳು ಬಾಗಿಲಾಚೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ತೆರೆದ ಬಾಗಿಲಲ್ಲಿ ಅತ್ತೆ ಕಾಣುತ್ತಿದ್ದಳು. ಎರಡೂ ಕೈ ಚಾಚಿ ಬೆಡ್‌ಶೀಟಿನ ತನ್ನ ತುದಿ ಹಿಡಿದೇ ನಿಂತಿದ್ದಳು. ಸೊಸೆ ಬಿಟ್ಟ ತುದಿ ನೆಲದ ಮೇಲಿತ್ತು.

"ಬೇರೆಯವಳನ್ನ ಕರ್ಕೊಂಡು ಮಡಚು," ಎಂದ ಸೂಪರ್‌ವೈಸರ್.

"ಊಹೂಂ."

ಇಡೀ ಲಾಂಡ್ರಿ ತಿರುಗಿ ನೋಡಿತು. ಅವನಿಗೆ ರೇಗಿ, ತಾನೇ ಆ ತುದಿ ಹಿಡಿದು ದಾಪುಗಾಲಲ್ಲಿ ಬಂದ. ಅವಳು ಕೈಯನ್ನೂ ಕೂಡಿಸಲಿಲ್ಲ, ಹೆಜ್ಜೆಯನ್ನೂ ಕೀಳಲಿಲ್ಲ. ಬಟ್ಟೆ ಅವನ ಕೈಯಲ್ಲೇ ಮುದ್ದೆಯಾಯಿತು, ಅವನು ತುದಿಯನ್ನು ನೆಲಕ್ಕೆ ಬಿಸಾಡಿದ.

ಆಗ ಪಕ್ಕದ ಜೋಡಿಯಲ್ಲಿ ಒಬ್ಬಳು ತನ್ನ ತುದಿ ಬಿಟ್ಟು ಹೊರಗೆ ಬಂದು ಸೊಸೆಯ ಪಕ್ಕ ಕೂತಳು. ಅವಳ ಹಿಂದೆ ಜೋಡಿಗೊಬ್ಬಳಂತೆ ಇನ್ನೊಬ್ಬಳು, ಮತ್ತೊಬ್ಬಳು.

"ಎಲ್ಲಿಗ್ರೇ?"

"ಕೂರೋದಾದ್ರೆ ಹೊರಗೆ ಅಂದ್ರಲ್ಲ ಸಾರ್, ಬಂದ್ವಿ."

ಒಳಗೆ ಉಳಿದ ಅರ್ಧ ಹೆಂಗಸರು ಕೈ ಚಾಚಿ ನಿಂತಿದ್ದರು, ಒಬ್ಬೊಬ್ಬರ ಮುಂದೂ ಒಂದೊಂದು ಬಿಳಿ ಬಟ್ಟೆ ನೆಲದವರೆಗೆ ಇಳಿಬಿದ್ದಿತ್ತು. ಒಂದು ಬೈಗುಳವಿಲ್ಲ, ಒಂದು ಕೂಗಿಲ್ಲ. ಸೊಸೆಯ ಅಳು ತಾನಾಗಿ ನಿಂತಿತು. ಅಷ್ಟು ವರ್ಷ ಬಗ್ಗಿದ ಅತ್ತೆಯ ಬೆನ್ನು ಇಷ್ಟೆತ್ತರವಿತ್ತೇ!

"ಕೆಲಸ ನಿಲ್ಲಿಸ್ತೀರಾ?" ಎಂದು ಅವನು ಕಿರುಚಿದ.

"ನಿಲ್ಲಿಸಿಲ್ಲಪ್ಪ, ಹಿಡ್ಕೊಂಡೇ ಇದೀವಿ. ಆ ಕಡೆಯವರು ಬರಬೇಕು," ಎಂದಳು ಹೂಂ ಅಕ್ಕ.

ಗೇಟಿನಲ್ಲಿ ಹೋಟೆಲಿನ ವ್ಯಾನು ಹಾರ್ನ್ ಹೊಡೆಯತೊಡಗಿತು. ಲಾಂಡ್ರಿ ಮಾಲೀಕ ಮಹಡಿಯಿಂದ ಇಳಿದು ಬಂದು ಒಳಗೆ ನೋಡಿದ, ಹೊರಗೆ ನೋಡಿದ, ಸೂಪರ್‌ವೈಸರನನ್ನು ನೋಡಿದ. ಕಡೆಗೆ ಸೂಪರ್‌ವೈಸರನೇ ಒಂದು ಸ್ಟೂಲು ಹೊತ್ತು ತಂದ. "ಒಳಗೆ ಬಾಮ್ಮ. ನಾಳೆನೂ ಬಾ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದಳು, ಊಹೂಂ. ಬೀಗ ತೆಗೆದು ಸ್ಟೂಲುಗಳೆಲ್ಲ ಹೊರಬಂದ ಮೇಲೆಯೇ ಮೆಟ್ಟಿಲ ಮೇಲಿದ್ದವರು ಎದ್ದದ್ದು.

ಸೊಸೆ ನೆಲದ ಮೇಲಿನ ತುದಿ ಎತ್ತಿ ನಡೆದು ಬಂದಳು. ತುದಿಗೆ ತುದಿ ಕೂಡುವಾಗ ಅತ್ತೆಯ ಬೆರಳು ತಾಗಿತು. ಗಡಗಡ ನಡುಗುತ್ತಿತ್ತು.

"ಹೆದರಿಕೆ ಆಗಿತ್ತಾ ಅತ್ತೆ?"

"ಇಲ್ದೆ ಏನೇ? ಅದಕ್ಕೇ ಬಟ್ಟೆನ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಹೋಗು, ಕೂತ್ಕೊಂಡು ದಿಂಬಿನ ಕವರ್ ಮಡಚು."