ಹಗ್ಗ ಹಿಡಿಯುವ ಹಾನ್ ಮೇಷ್ಟ್ರು

ಚೀನಾದ ನಮ್ಮ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಪುಕ್ಕಲ ಯಾರು ಎಂದು ಕೇಳಿದರೆ ಎಲ್ಲರ ಬೆರಳೂ ಹಾನ್ ಶೌಚೆಂಗ್ ಮೇಷ್ಟ್ರ ಕಡೆಗೇ ತಿರುಗುತ್ತಿತ್ತು. ಬಿಸಿನೀರಿನ ಫ್ಲಾಸ್ಕಿನ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸಿ ನೋಡುವ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವ ಮನುಷ್ಯ. "ಮದುವೆ ದಿನ ನನ್ನ ಕೈನೂ ಹಗ್ಗ ಹಿಡಿದ ಹಾಗೇ ಹಿಡ್ಕೊಂಡಿದ್ರು ಕಣೆ. ನಾನೇನು ಹಾರಿ ಹೋಗ್ತಿದ್ನಾ?" ಎಂದು ಅವರ ಹೆಂಡತಿ ನನ್ನೆದುರೇ ಆಡಿಕೊಳ್ಳುತ್ತಿದ್ದರು. ಮೇಷ್ಟ್ರು ನಕ್ಕು ಚಹಾ ಊದಿ ಆರಿಸುತ್ತಿದ್ದರು.

ಹಗ್ಗ ಹಿಡಿಯುವುದೇ ಅವರ ಕೆಲಸ. ಟ್ರ್ಯಾಂಪೊಲಿನ್ ಬಲೆಯ ಮೇಲೆ ಪುಟಿದು ಗಾಳಿಯಲ್ಲಿ ಪಲ್ಟಿ ಹೊಡೆಯುವ ಮಕ್ಕಳ ಸೊಂಟಕ್ಕೆ ಬೆಲ್ಟ್ ಕಟ್ಟುತ್ತಾರೆ. ಬೆಲ್ಟಿನ ಹಗ್ಗ ಚಾವಣಿಯ ರಾಟೆ ಹಾದು ಕೆಳಗಿಳಿದು ಮೇಷ್ಟ್ರ ಕೈಗೆ ಬರುತ್ತದೆ. ಹುಡುಗರು ಸರಿಯಾಗಿ ಹಾರಿದರೆ ಹಗ್ಗ ಸಡಿಲ, ತಪ್ಪಿದರೆ ಆ ಕ್ಷಣವೇ ಜಗ್ಗಬೇಕು. ಹರೆಯದಲ್ಲಿ ಮೇಷ್ಟ್ರ ಜೊತೆ ಕಲಿಯುತ್ತಿದ್ದ ಗೆಳೆಯನೊಬ್ಬ ಹಗ್ಗವಿಲ್ಲದೆ ಹಾರಿ, ಬಲೆಯ ಕಬ್ಬಿಣದ ಚೌಕಟ್ಟಿನ ಮೇಲೆ ಕತ್ತು ಮಡಚಿ ಬಿದ್ದ. ಮತ್ತೆ ಎದ್ದು ನಡೆಯಲಿಲ್ಲ. ಈಗಲೂ ಹೊಸವರ್ಷದ ವಸಂತ ಹಬ್ಬಕ್ಕೆ ಮೇಷ್ಟ್ರು ಅವನ ಊರಿಗೆ ಹೋಗಿ, ತಮ್ಮ ಕೈಯಾರೆ ಅವನ ಬಾಯಿಗೆ ಕಡುಬು ತಿನ್ನಿಸಿ ಬರುತ್ತಾರೆ. ಆ ಮನುಷ್ಯನ ಹೆದರಿಕೆಯನ್ನು ಗೇಲಿ ಮಾಡುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಮಾಡುತ್ತಾರೆ.

ಕಳೆದ ಶರತ್ಕಾಲದಲ್ಲಿ ಹಂಗೆರಿಯ ಕ್ರೀಡಾ ಕಾಲೇಜೊಂದರಿಂದ ಪ್ರೊಫೆಸರ್ ಗೆರ್ಗೆಯ್ ಎಂಬುವರು ತಂಡ ಕಟ್ಟಿಕೊಂಡು ಬರುವುದೆಂದಾಯಿತು. ಒಪ್ಪಂದಕ್ಕೆ ಸಹಿ ಬಿದ್ದರೆ ನಮ್ಮ ವಿದ್ಯಾರ್ಥಿಗಳು ವರ್ಷಕಾಲ ಅಲ್ಲಿಗೆ ಹೋಗಿ ಕಲಿಯಬಹುದು. ಮೊದಲು ಹೋಗಬೇಕಾದವಳು ಜಿಯಾ ಮಿನ್, ಹಾನ್ ಮೇಷ್ಟ್ರ ಶಿಷ್ಯೆ. ಅತಿಥಿಗಳ ಮಾತನ್ನು ಅತ್ತಿಂದಿತ್ತ ಅನುವಾದಿಸುವ ಕೆಲಸ ನನ್ನದು.

ನಮ್ಮಲ್ಲಿ ಅತಿಥಿ ಬರುವ ಮುನ್ನ ಎಲ್ಲಕ್ಕೂ ತಾಲೀಮು. ಬಾಗಿಲಲ್ಲಿ ಯಾರು ನಿಲ್ಲಬೇಕು, ಯಾರು ಯಾವಾಗ ನಗಬೇಕು ಎಂಬುದಕ್ಕೂ. ತಾಲೀಮಿನ ಹೊತ್ತಿಗೆ ಬಂದ ಡೀನ್ ಗೆಂಗ್ ಚಾವಣಿಯತ್ತ ಕತ್ತೆತ್ತಿ ಹುಬ್ಬು ಗಂಟಿಕ್ಕಿದರು.

"ನಾಳೆ ಈ ಹಗ್ಗ ಬೇಡ. ಮೂಗುದಾರ ಹಾಕಿ ಕುಣಿಸ್ತಿದಾರೆ ಅಂತಾರೆ ಅವ್ರು. ತೆಗೆದುಬಿಡಿ."

"ಸಾರ್, ಹುಡುಗಿ ಮೂರನೇ ಪಲ್ಟೀಲಿ ಎಡಕ್ಕೆ ಜಾರ್ತಾಳೆ. ಈ ವಾರವೆಲ್ಲ ನಾನೇ ಎಳೆದು ನಿಲ್ಲಿಸ್ತಿದೀನಿ," ಎಂದರು ಮೇಷ್ಟ್ರು.

"ನಿಮಗೆ ನಿಮ್ಮ ನೆರಳು ಕಂಡ್ರೂ ಹೆದರಿಕೆ! ಜಿಯಾ ಮಿನ್, ನೀನೇ ಹೇಳಮ್ಮಾ. ಆಗತ್ತೋ ಇಲ್ವೋ?"

ಜಿಯಾ ಮಿನ್ ತುಟಿ ಒಣಗಿಹೋಗಿತ್ತು. "ಆಗತ್ತೆ ಸಾರ್," ಎಂದಳು. ಇನ್ನೇನು ಹೇಳಿಯಾಳು ಪಾಪ, ವಿದೇಶಕ್ಕೆ ಹೋಗಬೇಕಾದ ಹುಡುಗಿ.

ಡೀನ್ ಹೋದ ಮೇಲೆ ಮೇಷ್ಟ್ರು ಪಡಸಾಲೆಯಲ್ಲಿ ನನ್ನ ತೋಳು ಹಿಡಿದರು. ಅವರ ಅಂಗೈ ತಣ್ಣಗಿತ್ತು. "ಶೆನ್, ಅವಳ ಕತ್ತು ಮುರಿಯತ್ತೆ ಕಣಮ್ಮಾ. ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿದೆ."

"ಗಟ್ಟಿಯಾಗಿ ಆಗಲ್ಲ ಅನ್ನಿ ಮೇಷ್ಟ್ರೇ."

"ನಾನು ಹಾಗಂದ್ರೆ ನನ್ನನ್ನ ತೆಗೆದು ಬೇರೆಯವನನ್ನ ನಿಲ್ಲಿಸ್ತಾರೆ. ಅವನು ಹಾರಿಸ್ತಾನೆ."

ಅದೂ ನಿಜವೇ. ಆಮೇಲೆ ನನಗೂ ಊಟ ಸೇರಲಿಲ್ಲ.

ಮರುದಿನ ಅತಿಥಿಗಳು ಬಂದರು. ಪ್ರೊಫೆಸರ್ ಗೆರ್ಗೆಯ್ ದಪ್ಪ ಮೀಸೆಯ, ಎಲ್ಲವನ್ನೂ ಮುಟ್ಟಿ ನೋಡುವ ಖುಷಿಯ ಮನುಷ್ಯ. ಜಿಯಾ ಮಿನ್ ಬಲೆ ಹತ್ತಿ ನಿಂತಳು. ಬರಿಯ ಸೊಂಟ, ಬೆಲ್ಟ್ ಇಲ್ಲ. ಒಬ್ಬರಾದರೂ ನಿಲ್ಲಿಸಿ ಎನ್ನಬಾರದೇ? ಅತಿಥಿಗಳೆದುರು ಮೇಲಿನವರ ಮಾತಿಗೆ ಇಲ್ಲ ಎನ್ನುವವರು ನಮ್ಮಲ್ಲಿ ಹುಟ್ಟಿಲ್ಲ.

ಆಗ ಹಾನ್ ಮೇಷ್ಟ್ರು ಬೆಲ್ಟ್ ಮತ್ತು ಹಗ್ಗ ಹಿಡಿದು ಸೀದಾ ಪ್ರೊಫೆಸರರ ಬಳಿಗೆ ನಡೆದರು. ಧ್ವನಿ ನಡುಗುತ್ತಿತ್ತು. "ಶೆನ್, ಇವರಿಗೆ ಹೇಳಮ್ಮಾ. ದೂರದಿಂದ ಬಂದ ದೊಡ್ಡ ಅತಿಥಿ ತಮ್ಮ ಕೈಯಾರೆ ಹಗ್ಗ ಹಿಡಿದು ಮಗುವನ್ನ ಹಾರಿಸ್ಬೇಕು. ಅದು ನಮ್ಮಲ್ಲಿ ಹಳೇ ಪದ್ಧತಿ."

ಅಂಥ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ. ಡೀನ್ ಗೆಂಗ್ ಕೆಂಡದಂಥ ಕಣ್ಣು ಬಿಟ್ಟರು. ಆದರೆ ನಾನು ಅನುವಾದಿಸಿಯಾಗಿತ್ತು, ಪ್ರೊಫೆಸರ್ ಕೋಟು ಬಿಚ್ಚಿಯಾಗಿತ್ತು. ಅತಿಥಿಯ ಕೈಗೆ ಕೊಟ್ಟ ಗೌರವವನ್ನು ಕಿತ್ತುಕೊಳ್ಳುವುದು ಡೀನ್‌ಗೂ ಸಾಧ್ಯವಿರಲಿಲ್ಲ. ಅವರೇ ಮೊದಲು ಚಪ್ಪಾಳೆ ತಟ್ಟಬೇಕಾಯಿತು.

ಹುಡುಗಿಗೆ ಬೆಲ್ಟ್ ಕಟ್ಟಿದರು. ಮುಂದೆ ಪ್ರೊಫೆಸರ್, ಅವರ ಬೆನ್ನಿಗಂಟಿ ಮೇಷ್ಟ್ರು, ಇಬ್ಬರ ಕೈಯಲ್ಲೂ ಒಂದೇ ಹಗ್ಗ.

ಜಿಯಾ ಮಿನ್ ಪುಟಿದಳು. ಎತ್ತರ, ಇನ್ನೂ ಎತ್ತರ. ಒಂದು ಪಲ್ಟಿ ನೆಟ್ಟಗಿತ್ತು, ಎರಡನೆಯದೂ ನೆಟ್ಟಗಿತ್ತು. ಅಷ್ಟು ಚೆಂದಕ್ಕೆ ಮೈಮರೆತ ಪ್ರೊಫೆಸರ್ ಹಗ್ಗ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಮೂರನೆಯದರಲ್ಲಿ ಅವಳು ಎಡಕ್ಕೆ ಜಾರಿದಳು. ತಲೆ ಕೆಳಗಾಗಿ, ಬಲೆ ದಾಟಿ, ಚೌಕಟ್ಟಿನ ಕಡೆಗೆ. ನಾನು ಕಣ್ಣು ಮುಚ್ಚಿಕೊಂಡೆ. ರಾಟೆ ಕಿರ್ರೆಂದಿತು, ಆಮೇಲೆ ಸದ್ದಿಲ್ಲ.

ಕಣ್ಣು ಬಿಟ್ಟಾಗ ಜಿಯಾ ಮಿನ್ ಕಬ್ಬಿಣದ ಮೇಲೆ ಗೇಣೆತ್ತರದಲ್ಲಿ ತಲೆಕೆಳಗಾಗಿ ತೂಗುತ್ತಿದ್ದಳು. ಹಗ್ಗದ ಇನ್ನೊಂದು ತುದಿಯಲ್ಲಿ ಹಾನ್ ಮೇಷ್ಟ್ರು ನೆಲಕ್ಕೆ ಕೂತುಬಿಟ್ಟಿದ್ದರು, ಹಿಮ್ಮಡಿ ಊರಿ, ಹಲ್ಲು ಕಚ್ಚಿ. ಇದೂ ಪ್ರದರ್ಶನದ ಭಾಗವೇ ಎಂದುಕೊಂಡ ಅತಿಥಿಗಳು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ಬಿಡಬೇಡಿ ಮೇಷ್ಟ್ರೇ," ಎಂದು ಹುಡುಗಿ ಸಣ್ಣಗೆ ಅಳುತ್ತಿದ್ದಳು. ಅವಳನ್ನು ಇಳಿಸಿಕೊಂಡ ಮೇಲೂ ಮೇಷ್ಟ್ರ ಬೆರಳು ಬಿಚ್ಚಿಕೊಳ್ಳಲಿಲ್ಲ, ನಾನೇ ಒಂದೊಂದಾಗಿ ಬಿಡಿಸಿದೆ.

ಮಧ್ಯಾಹ್ನ ಔತಣ. ಬಾಗಿಲಿಗೆ ಎದುರಾದ ಮುಖ್ಯ ಪೀಠದಲ್ಲಿ ಪ್ರೊಫೆಸರ್, ಪಕ್ಕದಲ್ಲಿ ಡೀನ್. ಇಡೀ ಮೀನು ಬಂತು, ಮರ್ಯಾದೆಗೆಂದು ಅದರ ತಲೆಯನ್ನು ಅತಿಥಿಯ ಕಡೆಗೆ ತಿರುಗಿಸಿಟ್ಟರು. ಜೋಳದ ಸಾರಾಯಿಯ ಬಟ್ಟಲುಗಳು ಬರಿದಾದವು. ಡೀನ್ ಗೆಂಗ್ ಈಗ ನಗುನಗುತ್ತಿದ್ದರು. "ಇನ್ಮೇಲೆ ಯಾವ ಅತಿಥಿ ಬಂದ್ರೂ ಹಗ್ಗ ಅವ್ರ ಕೈಗೇ! ನಮ್ಮ ಹಳೇ ಪದ್ಧತಿ!" ಎಂದು ಬಟ್ಟಲೆತ್ತಿದರು.

ಪ್ರೊಫೆಸರ್ ಕುತೂಹಲದಿಂದ ನನ್ನತ್ತ ತಿರುಗಿದರು. ಎಷ್ಟು ಹಳೆಯ ಪದ್ಧತಿ ಅಂತ ಆ ಮೇಷ್ಟ್ರನ್ನ ಕೇಳಿ, ಎಂದರು.

ಮೇಜಿನ ಕೊನೆಯಲ್ಲಿ ಹಾನ್ ಮೇಷ್ಟ್ರು ಎದ್ದು ನಿಂತರು. ಬಟ್ಟಲಿನ ಸಾರಾಯಿ ತುಳುಕಿ ಮಣಿಕಟ್ಟಿಗೆ ಇಳಿಯಿತು. ಅವರು ಅಷ್ಟು ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಇವತ್ತು ಬೆಳಿಗ್ಗೆ ಹುಟ್ಟಿದ್ದು," ಎಂದರು. "ಹಗ್ಗ ಇಲ್ದೆ ಹಾರಿಸ್ಬೇಕು ಅಂತ ಅಪ್ಪಣೆ ಆಗಿತ್ತು. ಮಗು ಸಾಯತ್ತೆ ಅಂತ ಹೆದರಿಕೆಯಾಗಿ ಸುಳ್ಳು ಹೇಳ್ದೆ. ಇದನ್ನ ಪದ್ಧತಿ ಮಾಡ್ಬೇಡಿ. ಹಗ್ಗ ಇನ್ಯಾರ ಕೈಗೂ ಕೊಡಬೇಡಿ."

ಮೇಜಿನಡಿ ಡೀನ್ ಅವರ ಬೂಟು ನನ್ನ ಕಾಲನ್ನು ಒತ್ತಿತು. ನಾನು ಒಂದಕ್ಷರ ಬಿಡದೆ ಅನುವಾದಿಸಿದೆ.

ಪ್ರೊಫೆಸರರ ಮುಖದ ನಗು ಮೆಲ್ಲಗೆ ಇಳಿಯಿತು. ಅವರು ಬಟ್ಟಲನ್ನು ಕೆಳಗಿಟ್ಟು, ತಮ್ಮ ಎರಡೂ ಅಂಗೈಗಳನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟು ನೋಡಿಕೊಂಡರು.

"ನಾನು ಹಗ್ಗ ಬಿಟ್ಟುಬಿಟ್ಟಿದ್ದೆ," ಎಂದರು ತಮ್ಮ ಭಾಷೆಯಲ್ಲೋ ಇಂಗ್ಲಿಷಿನಲ್ಲೋ, ನನಗೀಗ ನೆನಪಿಲ್ಲ. ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.